ನಮ್ಮ ಬಾಲ್ಕನಿಯ ವಾಲ್‌ಫ್ಲವರ್

ಚೆನ್ನೈನಲ್ಲಿ ವಾಲ್‌ಫ್ಲವರ್ ಬೆಳೆಯಬೇಕಾದರೆ ಮೊದಲು ಜಂಬ ಇರಬೇಕು. ಅದು ನನ್ನ ಹತ್ತಿರ ಬೇಕಾದಷ್ಟಿತ್ತು. ಬೀಜ, ತೆಂಗಿನನಾರಿನ ಪುಡಿ, ಗೊಬ್ಬರ ಎಲ್ಲವನ್ನೂ ಫೋನಿನಲ್ಲೇ ತರಿಸಿದೆ. ಕುಂಡಗಳನ್ನು ಮಾತ್ರ ಪುರಸೈವಾಕ್ಕಂ ಪೇಟೆಗೆ ಹೋಗಿ, ಆ ನೂಕುನುಗ್ಗಲಿನಲ್ಲಿ ತಟ್ಟಿ ತಟ್ಟಿ ನೋಡಿ ಆರಿಸಿಕೊಂಡು ಬಂದೆ.

ವಾಲ್‌ಫ್ಲವರ್ ಚಳಿದೇಶದ ಹೂವು. ಅಲ್ಲಿ ಹಳೆಯ ಕಲ್ಲುಗೋಡೆಗಳ ಸಂದಿಯಲ್ಲಿ ತಾನಾಗಿಯೇ ಬೆಳೆಯುತ್ತದಂತೆ, ಅದಕ್ಕೇ ಆ ಹೆಸರು. ಪೊಟ್ಟಣದ ಮೇಲಿನ ಚಿತ್ರದಲ್ಲಿ ಕಿತ್ತಳೆ, ಕೆಂಪು, ನೇರಳೆ, ಹಳದಿ ಬಣ್ಣದ ನಾಲ್ಕೆಸಳಿನ ಹೂಗಳು ಗೊಂಚಲು ಗೊಂಚಲಾಗಿ ಗೋಡೆಗೆ ಒರಗಿ ನಿಂತಿದ್ದವು. ಗೋಡೆ ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲೂ ಇದೆ. ಅದರ ಪಕ್ಕದಲ್ಲೇ ಅಕ್ಕಪಕ್ಕದ ಮನೆಗಳ ಏಸಿಗಳು ದಿನವಿಡೀ ಬಿಸಿಗಾಳಿ ಉಗುಳುತ್ತಿರುತ್ತವೆ. ಅದು ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ.

ನಿಜ ಹೇಳಬೇಕೆಂದರೆ, ಇದಕ್ಕೆಲ್ಲ ಕಾರಣ ನಾಲ್ಕನೇ ಮಹಡಿಯ ಮಾಮಿ. ಅವರ ಮನೆಯ ಗುಲಾಬಿ ಒಂದು ಮೊಗ್ಗು ಬಿಟ್ಟರೆ ಸಾಕು, ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿಗೆ ನಾಲ್ಕು ಫೋಟೋ ಬಂದು ಬೀಳುತ್ತವೆ: ಮುಂದಿನಿಂದ ಒಂದು, ಪಕ್ಕದಿಂದ ಒಂದು, ನೀರು ಚಿಮುಕಿಸಿ ಒಂದು, ಮಾಮಿಯ ಜೊತೆ ಒಂದು. ಲಿಫ್ಟಿನಲ್ಲಿ ಸಿಕ್ಕಾಗ ನಾನು ನನ್ನ ವಾಲ್‌ಫ್ಲವರ್ ಯೋಜನೆಯನ್ನು ಹೇಳಿದೆ. "ವಾಲ್ ಪೂವಾ? ವಾಲ್ ಎಂಗೆ?" ಎಂದು ನಕ್ಕರು. ತಮಿಳಿನಲ್ಲಿ ವಾಲ್ ಎಂದರೆ ಬಾಲ. ಹೂವಿಗೆ ಬಾಲ ಎಲ್ಲಿದೆ ಎಂದು ಕೇಳಿದ್ದು. ಆಮೇಲೆ ಕನಿಕರದಿಂದ, "ನಮ್ಮ ಊರ್ಲ ಅದೆಲ್ಲಾಂ ವರಾದು ಮಾ" ಎಂದರು. ಇಲ್ಲಿ ಅದೆಲ್ಲ ಬರುವುದಿಲ್ಲ ಎಂಬ ಮಾತಿಗಿಂತ ಆ ಕನಿಕರ ನನ್ನ ಮೈ ಉರಿಸಿತು. ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಗುಂಪಿನಲ್ಲಿ ಬರೆದೆ: ಈ ಸಂಕ್ರಾಂತಿಗೆ ನಮ್ಮ ಬಾಲ್ಕನಿಯಲ್ಲಿ ವಾಲ್‌ಫ್ಲವರ್ ಅರಳಿರುತ್ತದೆ, ಎಲ್ಲರೂ ಕಾಫಿಗೆ ಬನ್ನಿ. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಅರಳದಿದ್ದರೆ ಆ ಲಿಫ್ಟಿನಲ್ಲಿ ನಾನು ಮತ್ತೆ ತಲೆಯೆತ್ತಿ ನಿಲ್ಲುವಂತಿರಲಿಲ್ಲ.

ಬೀಜಕ್ಕೆ ಮೊದಲು ಚಳಿ ತೋರಿಸಬೇಕು ಎಂದು ಫೋನಿನೊಳಗಿನ ಬಿಳಿಗಡ್ಡದ ತೋಟಗಾರ ಹೇಳಿದ. ಪೊಟ್ಟಣವನ್ನು ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಇಟ್ಟೆ. ಹನ್ನೊಂದು ವರ್ಷದಿಂದ ನಮ್ಮ ಜೊತೆಗಿರುವ ಹಾಸನದ ಕಡೆಯ ನನ್ನ ಅತ್ತೆ ಅದನ್ನು ನೋಡಿ, "ಚಳಿ ತೋರಿಸಿ ಆಮೇಲೆ ಸ್ವೆಟರೂ ಹೆಣೀತೀಯೇನೇ?" ಎಂದರು. ನನ್ನ ಗಂಡ ಪೆರುಂಗುಡಿಯ ಆಫೀಸಿನಿಂದಲೇ ಫೋನ್ ಮಾಡಿ ಮಣ್ಣಿನ ಪಿಎಚ್ ಎಷ್ಟಿದೆ ಎಂದು ವಿಚಾರಿಸಿದರು. ಕುಡಿಯುವ ನೀರಿನ ಕ್ಯಾನ್ ಖಾಲಿಯಾಗಿದೆ ಎಂದು ಬೆಳಗಿನಿಂದ ಬಡಿದುಕೊಳ್ಳುತ್ತಿದ್ದೆ, ಅದು ಮಾತ್ರ ಅವರ ಕಿವಿಗೆ ಬಿದ್ದಿರಲಿಲ್ಲ. ಮಗಳು ಎಂದಿನಂತೆ ನನ್ನ ಕನ್ನಡಕ್ಕೆ ತಮಿಳಿನಲ್ಲಿ, "ಇದೆಲ್ಲಾಂ ತೇವೆಯಾ ಅಮ್ಮಾ?" ಎಂದಳು. ಇದೆಲ್ಲ ಬೇಕಿತ್ತಾ ಎಂದು ಕೇಳುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ.

ದೀಪಾವಳಿ ಕಳೆದ ಮೇಲೆ ಬಿತ್ತಿದೆ. ಆರು ಕುಂಡಗಳಲ್ಲಿ ಹನ್ನೊಂದು ಸಸಿ ಹುಟ್ಟಿದವು. ಬಿಸಿಲಿಗೆ ಕೊಡೆ ಹಿಡಿದೆ, ಮಧ್ಯಾಹ್ನ ಐಸ್ ತುಂಡು ಇಟ್ಟೆ. ಮಗಳಿಗೆ ಜ್ವರ ಬಂದಾಗ ಇಷ್ಟು ಸಲ ಎದ್ದು ನೋಡಿದ್ದೆನೋ ಇಲ್ಲವೋ. ಆಮೇಲೆ ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾಲ್ಕನೇ ದಿನ ಹನ್ನೊಂದೂ ಸಸಿಗಳು ಬುಡ ಕೊಳೆತು ಮಲಗಿದ್ದವು. ನಾನು ಕೆಲಸ ಮಾಡುವ ಟಿ. ನಗರದ ಬ್ಯಾಂಕಿನಲ್ಲಿ ಕೌಂಟರಿನಾಚೆಯವರನ್ನು ಅಳಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಅಂಥವಳು ಆರು ಕುಂಡಗಳ ಮುಂದೆ ಕೂತು ಗಳಗಳ ಅತ್ತುಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಹೋಗಿ ಕಾಫಿ ತಂದುಕೊಟ್ಟರು.

ಮಾರನೆಯ ದಿನವೇ ನೆಂಟರ ಮದುವೆಗೆಂದು ನಾನೊಬ್ಬಳೇ ಮೈಸೂರಿಗೆ ಹೋಗಬೇಕಾಯಿತು. ಒಂದು ವಾರ ಬಿಟ್ಟು ಬಂದು ನೋಡಿದರೆ ಕುಂಡಗಳ ತುಂಬ ಹಸಿರು. ನಳನಳಿಸುವ ಎಳೆ ಸಸಿಗಳು, ಕಡಿಮೆಯೆಂದರೂ ನಲವತ್ತು. ಸತ್ತ ಹನ್ನೊಂದು ನಲವತ್ತಾಗಿ ಎದ್ದದ್ದು ಹೇಗೆ ಎಂದು ಬ್ಯಾಂಕಿನವಳಾದ ನನಗೆ ಒಂದು ಸಲವೂ ಅನ್ನಿಸಲಿಲ್ಲ. ಬೇರು ಬದುಕಿತ್ತು ಎಂದು ತೀರ್ಮಾನಿಸಿದೆ. ಅಷ್ಟೇ ಅಲ್ಲ, ಬೇರಿನ ಛಲದ ಬಗ್ಗೆ ಗುಂಪಿನಲ್ಲಿ ಹತ್ತು ಸಾಲಿನ ಉಪದೇಶ ಬರೆದೆ. ಹುರುಳಿಕಾಯಿ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತದೆ, "ನಿನ್ನ ಕೈಗುಣ ಒಳ್ಳೇದು ಕಣೇ" ಎಂದರು. ಹೌದಲ್ಲವೇ ಎಂದುಕೊಂಡು ಬೆನ್ನು ತಟ್ಟಿಕೊಂಡೆ.

ಹೊಸ ವರ್ಷದ ಹೊತ್ತಿಗೆ, ಬೀದಿಯಲ್ಲಿ ಮಾರ್ಗಳಿ ತಿಂಗಳ ರಂಗೋಲಿಗಳ ನಡುವೆ ಕುಂಬಳದ ಹೂ ಇಡುತ್ತಿದ್ದ ದಿನಗಳಲ್ಲಿ, ನಮ್ಮ ಬಾಲ್ಕನಿಯಲ್ಲೂ ಹೂ ಅರಳಿತು. ನಾಲ್ಕೆಸಳು, ಪೊಟ್ಟಣದಲ್ಲಿದ್ದ ಹಾಗೇ. ಆದರೆ ಎಲ್ಲವೂ ಹಳದಿ. ಮಿಕ್ಕ ಬಣ್ಣಗಳಿಗೆ ಚೆನ್ನೈನ ಉಪ್ಪುಗಾಳಿ ಒಗ್ಗಿಲ್ಲ ಎಂದು ನಾನೇ ಒಂದು ಸಿದ್ಧಾಂತ ಮಾಡಿದೆ. ಈ ಹೂವಿಗೆ ಲವಂಗದ ಪರಿಮಳ ಇರುತ್ತದೆಂದು ಬಿಳಿಗಡ್ಡದವನು ಹೇಳಿದ್ದ. ಮೂಗಿಟ್ಟು ಎಳೆದೆ. ಏನೋ ಒಂದು ಘಾಟು ಇತ್ತು. ಅದನ್ನೇ ಲವಂಗವೆಂದು ಒಪ್ಪಿಕೊಂಡೆ. ಗಂಡನನ್ನೂ ಕರೆದು ಮೂಸಿಸಿದೆ. ಅವರು ಕಣ್ಣು ಮುಚ್ಚಿ, "ಒಂಥರಾ ಫಾರಿನ್ ವಾಸನೆ" ಎಂದರು.

ಸಂಕ್ರಾಂತಿಯ ದಿನ ಕಟ್ಟಡದ ಮುಕ್ಕಾಲು ಜನ ಪೊಂಗಲ್‌ಗೆ ತಮ್ಮ ತಮ್ಮ ಊರಿಗೆ ಹೋಗಿದ್ದರು. ಬಂದದ್ದು ಮಾಮಿ ಒಬ್ಬರೇ, ರೇಷ್ಮೆಸೀರೆ ಉಟ್ಟು, ಡಬ್ಬಿಯಲ್ಲಿ ಸಿಹಿ ಪೊಂಗಲ್ ತುಂಬಿಕೊಂಡು. ಅತ್ತೆ ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಪರದೆ ಸರಿಸಿ, ಮ್ಯೂಸಿಯಂ ತೋರಿಸುವವಳ ಗತ್ತಿನಲ್ಲಿ ಪಕ್ಕಕ್ಕೆ ನಿಂತೆ. ಮಾಮಿ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಒಂದು ಎಲೆ ಚಿವುಟಿದರು, ಬಾಯಿಗೆ ಹಾಕಿಕೊಂಡು ಅಗಿದರು.

"ಇದು ಕಡುಗು ದಾನೇ?"

ಕಡುಗು ಎಂದರೆ ಸಾಸಿವೆ. ಹಳದಿ ಬಣ್ಣ, ಆ ಘಾಟು, ನಲವತ್ತು ಸಸಿ, ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಇಪ್ಪತ್ತೈದು ವರ್ಷದಿಂದ ದಿನಾ ಎರಡು ಹೊತ್ತು ಒಗ್ಗರಣೆ ಹಾಕುವವಳು ನಾನು, ಆ ಗಿಡ ಹೇಗಿರುತ್ತದೆಂದು ಒಂದು ದಿನವೂ ನೋಡಿದವಳಲ್ಲ.

ಅಷ್ಟರಲ್ಲಿ ಕುರ್ಚಿಯಿಂದ ಅತ್ತೆಯ ದನಿ ಬಂತು. "ಇಲ್ಲಮ್ಮಾ, ಕಡುಗು ಇಲ್ಲೆ. ವಾಲ್ ಪೂ. ಪಾಕ್ಕ ಕಡುಗು ಮಾದಿರಿ ಇರುಕ್ಕುಂ, ಅವ್ವಳವುದಾನ್." ನೋಡಲು ಸಾಸಿವೆಯ ಹಾಗಿರುತ್ತದೆ, ಅಷ್ಟೇ ಎಂದು, ಸ್ವಚ್ಛ ತಮಿಳಿನಲ್ಲಿ. ತಮಿಳು ಒಂದಕ್ಷರ ಬರುವುದಿಲ್ಲವೆಂದು, ಡಾಕ್ಟರು ನಾಲಿಗೆ ಚಾಚಿ ಎಂದದ್ದನ್ನೂ ನನ್ನ ಕೈಲಿ ಕನ್ನಡ ಮಾಡಿಸಿಕೊಂಡ ಹೆಂಗಸು.

ಮಾಮಿ ಅತ್ತೆಯನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಬಾಯಲ್ಲಿದ್ದ ಎಲೆಯನ್ನು ನುಂಗಿ, "ಆಮಾ, ವಾಲ್ ಪೂ ದಾನ್," ಹೌದು, ಅದೇ ಹೂವು ಎಂದರು. ಕಾಫಿ ಕುಡಿದು, ಹೂವಿನ ಜೊತೆ ಒಂದು ಫೋಟೋ ತೆಗೆಸಿಕೊಂಡು ಹೊರಟರು.

ಬಾಗಿಲು ಹಾಕಿ ಬಂದು ಅತ್ತೆಯ ಮುಂದೆ ನಿಂತೆ. "ಸಾಸಿವೆ ಹಾಕಿದ್ದು ನೀವಾ?"

"ಇನ್ಯಾರು ಹಾಕ್ತಾರೆ? ಖಾಲಿ ಕುಂಡದ ಮುಂದೆ ಹಾಗೆ ಅಳ್ತಾ ಕೂತಿದ್ರೆ ನೋಡೋಕಾಗುತ್ತಾ?"

"ಆಮೇಲಾದ್ರೂ ಹೇಳಬಹುದಿತ್ತಲ್ಲ ಅತ್ತೆ."

"ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನೀನು ಬೇರು ಬದುಕಿತ್ತು ಅಂತ ಊರಿಗೆಲ್ಲ ಬರೆದಿದ್ದೆ."

"ಮತ್ತೆ ತಮಿಳು?"

"ನೀನೇ ಎಲ್ಲರ ಹತ್ರಾನೂ ಮಾತಾಡ್ತಿದ್ದೆ. ನಾನು ಬಾಯಿ ಹಾಕೋಕೆ ಜಾಗ ಎಲ್ಲಿತ್ತು?"

ಫೋನ್ ಹಿಡಿದುಕೊಂಡು ಕೂತೆ. ಸಾಸಿವೆ ಅರಳಿದ್ದು ಮಾಮಿಯ ಕುಂಡದಲ್ಲಾಗಿದ್ದರೆ ನಾನು ಗುಂಪಿಗೆ ಏನು ಬರೆಯುತ್ತಿದ್ದೆ ಎಂಬುದು ನನಗೆ ಪದಪದವೂ ಗೊತ್ತಿತ್ತು. ಒಗ್ಗರಣೆಯ ಮೇಲೊಂದು ತಮಾಷೆ, ಉಪ್ಪಿನಕಾಯಿಯ ಮೇಲೊಂದು, ಕೊನೆಗೆ ಬಿದ್ದು ಬಿದ್ದು ನಗುವ ಮುಖ. ಊಟದ ಹೊತ್ತಿಗೆ ಗುಂಪಿನಲ್ಲಿ ಮಾಮಿಯ ಫೋಟೋ ಬಂತು. ನನ್ನ ಕುಂಡಗಳ ಪಕ್ಕ ನಿಂತು ನಗುತ್ತಿದ್ದರು. ಕೆಳಗೆ ಬರೆದಿದ್ದರು: ಮೂರನೇ ಮಹಡಿಯಲ್ಲಿ ವಾಲ್‌ಫ್ಲವರ್ ಅರಳಿದೆ. ನಮ್ಮ ಊರಿನಲ್ಲಿ ಬರುವುದಿಲ್ಲ ಎಂದಿದ್ದೆ, ನನ್ನದೇ ತಪ್ಪು.

ಅವರು ಆಡಿಕೊಂಡಿದ್ದರೆ ನಾನೂ ತಿರುಗಿ ನಾಲ್ಕು ಅನ್ನಬಹುದಿತ್ತು. ಈಗ ಕೂತಲ್ಲೇ ಕುಗ್ಗಿಹೋದೆ. ನಾಚಿಕೆ ತಡೆಯಲಾರದೆ, ಅದು ವಾಲ್‌ಫ್ಲವರ್ ಅಲ್ಲ, ಸಾಸಿವೆ ಎಂದು ಬರೆಯತೊಡಗಿದೆ. ಏನು ಬರೆಯುತ್ತಿದ್ದೀಯೆಂದು ಅತ್ತೆ ಕೇಳಿದರು. ಮಾಮಿ ಬರೆದದ್ದನ್ನೂ ನನ್ನದನ್ನೂ ಓದಿ ಹೇಳಿದೆ.

"ಅಳಿಸು ಅದನ್ನ" ಎಂದರು. "ಪಾಪ, ನಿನ್ನ ಮಾನ ಉಳಿಸೋಕೆ ಅಷ್ಟು ಜನದ ಮುಂದೆ ಸುಳ್ಳು ಹೇಳಿದಾರೆ. ಈಗ ನೀನು ಸತ್ಯವಂತೆಯಾಗಿ ಅವರನ್ನ ಸುಳ್ಳಿ ಮಾಡ್ತೀಯಾ?"

ಅಳಿಸಿದೆ. ಮಾಮಿಯ ಜಾಗದಲ್ಲಿ ನಾನಿದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಅದು ಅವರಿಗೂ ಗೊತ್ತು.