ಒಂದರ ಪಕ್ಕದ ಎರಡು ತಾರೀಖು

ಸ್ಫಾಕ್ಸ್ ಪಟ್ಟಣದ ನೀರಿನ ಕೊಳವೆ ಕಾಮಗಾರಿಯ ಕಚೇರಿಯಲ್ಲಿ ರೌದಾ ತ್ರೀಕಿಯ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಅವಳ ಎದುರಿನ ಮೇಜು ನನ್ನದು; ವರದಿ ಟೈಪ್ ಮಾಡುವುದು ನನ್ನ ಕೆಲಸ. ಮಧ್ಯಾಹ್ನವಾದರೆ ನಾನೂ ಡಬ್ಬಿ ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ.

ಕಾಮಗಾರಿಯ ಯೋಜನೆ ಬರೆದವಳು ಅವಳು; ಕೆಲಸ ಎಷ್ಟಾಯಿತೆಂದು ವಾರವಾರ ಅಳೆಯುವುದೂ ಅವಳೇ. ಅದಕ್ಕೆ ಅವಳದು ಒಂದೇ ಒಂದು ಭಾಗಾಕಾರ. ಉದಾಹರಣೆಗೆ, ಈ ಶುಕ್ರವಾರದೊಳಗೆ ನೂರು ಪಾಲು ಕೆಲಸ ಆಗಿರಬೇಕು ಎನ್ನುತ್ತದೆ ಯೋಜನೆ. ಆಗಿರುವುದು ಎಪ್ಪತ್ತು. ಎಪ್ಪತ್ತನ್ನು ನೂರರಿಂದ ಭಾಗಿಸಿದರೆ ಸೊನ್ನೆ ಬಿಂದು ಏಳು. ಒಂದಕ್ಕಿಂತ ಎಷ್ಟು ಕಡಿಮೆಯೋ ನಾವು ಅಷ್ಟು ಹಿಂದೆ.

ಕೊಳವೆ ಮಣ್ಣಿನಲ್ಲಿ ಕೂತು, ಬೆಸುಗೆಯಾಗಿ, ನೀರು ತುಂಬಿಸಿದಾಗ ಸೋರದಿದ್ದರೆ ಮಾತ್ರ ಅವಳು ಅದನ್ನು ಎಣಿಸುತ್ತಿದ್ದಳು. ಮುಖ್ಯಸ್ಥ ಸಿ ನಜೀಬರಿಗೆ (‘ಸಿ’ ಎಂದರೆ ಅಲ್ಲಿ ‘ಶ್ರೀ’ ಇದ್ದ ಹಾಗೆ) ತೋಡಿದ ಕಾಲುವೆಯ ಪಕ್ಕ ಸುಮ್ಮನೆ ಬಿದ್ದ ಕೊಳವೆಗಳೂ ಎಣಿಕೆಗೆ ಬೇಕಿದ್ದವು.

“ಬಂದು ಇಳಿದಿದೆ ಅಲ್ವೇನಮ್ಮಾ? ತಟ್ಟೆಗೆ ಬಿದ್ದ ಮೀನು ಹೊಟ್ಟೆಗೆ ಬಿದ್ದ ಹಾಗೇ.”

“ಮುಳ್ಳು ಬಿಡಿಸೋರು ಯಾರು, ಸಿ ನಜೀಬ್?”

“ಅತ್ತೆ ಮನೇಲೂ ನೀವು ಹೀಗೇ ಅಳೀತಿದ್ರೇನೋ. ಅದಕ್ಕೇ ಅವರು ಬಾಗಿಲು ಹಾಕ್ಕೊಂಡ್ರು.”

ರೌದಾಳಿಗೆ ತಲಾಖ್ ಆಗಿ ವರ್ಷವೂ ಕಳೆದಿರಲಿಲ್ಲ. ಕಚೇರಿ ನಕ್ಕಿತು. ನಾನೂ ನಕ್ಕೆ.

ಆ ವಾರ ಅವಳು ಬಿದ್ದ ಕೊಳವೆಗಳನ್ನು ಬಿಟ್ಟು ಸೊನ್ನೆ ಬಿಂದು ಆರು ಎಂದು ಬರೆದಳು. ಸೋಮವಾರ ಅವಳನ್ನು ಉಗ್ರಾಣಕ್ಕೆ ಕಳಿಸಿದರು, ಕೊಳವೆ ಸೋರದಂತೆ ಹಾಕುವ ರಬ್ಬರ್ ಬಳೆಗಳನ್ನು ಎಣಿಸಲು. ಅಲ್ಲಿ ಕಿಟಕಿಯಿಲ್ಲ, ಸಮುದ್ರದ ಉಪ್ಪು ಮಾತ್ರ ಬಾಗಿಲ ಸಂದಿಯಿಂದ ಬಂದು ಎಲ್ಲದರ ಮೇಲೂ ಕೂರುತ್ತಿತ್ತು.

ಕೆಲಸ ಮುಗಿದಾಗ ಹದಿನಾಲ್ಕು ತಿಂಗಳು ತಡವಾಗಿತ್ತು. ಕೊನೆಯ ವರದಿಗೆ ಮೊದಲ ಯೋಜನೆ ಬರೆದವರೇ ಸಹಿ ಹಾಕಬೇಕು ಎಂಬುದು ಕರಾರು. ಸಿ ನಜೀಬ್ ತಾವೇ ಉಗ್ರಾಣಕ್ಕೆ ಬಂದರು. ಟೈಪ್ ಮಾಡಿದ ಹಾಳೆ ಹಿಡಿದು ನಾನು ಹಿಂದೆ ನಿಂತಿದ್ದೆ.

“ನೋಡಿ, ನಿಮ್ಮದೇ ಭಾಗಾಕಾರ. ನೂರು ಆಗಬೇಕಿತ್ತು, ನೂರೂ ಆಯ್ತು. ಭಾಗಿಸಿದ್ರೆ ಒಂದು. ಸುಳ್ಳೇನಿದೆ?”

“ಸುಳ್ಳಿಲ್ಲ,” ಎಂದಳು ರೌದಾ. “ಮುಗಿದ ಮೇಲೆ ಯಾವಾಗ್ಲೂ ಒಂದೇ ಬರೋದು. ಹತ್ತು ವರ್ಷ ತಡ ಆದ್ರೂ.”

“ಸಹಿ ಹಾಕಿ. ಮುಂದಿನ ಕಾಮಗಾರೀಲಿ ನಿಮ್ಮ ಕುರ್ಚಿ ನಿಮಗೆ. ಇಲ್ದಿದ್ರೆ ಈ ಬಳೆಗಳ ಜೊತೆನೇ ಸಂಸಾರ ಮಾಡಿ.”

ಅವಳು ಪೆನ್ನು ತೆಗೆದಳು. ಒಂದರ ಪಕ್ಕದಲ್ಲಿ ಎರಡು ತಾರೀಖು ಬರೆದಳು: ಮುಗಿಯಬೇಕಿದ್ದ ದಿನ, ಮುಗಿದ ದಿನ. ಅದರ ಕೆಳಗೆ ಸಹಿ ಹಾಕಿದಳು.

ಸಿ ನಜೀಬ್ ಹಾಳೆಯನ್ನು ನನ್ನ ಕೈಗೆ ತುರುಕಿದರು. “ಹೊಸದು ಮಾಡು. ಸಹಿ ನಾನು ನೋಡ್ಕೋತೀನಿ.”

ರೌದಾ ನನ್ನನ್ನು ನೋಡಲಿಲ್ಲ. ಬಳೆಗಳ ಎಣಿಕೆಗೆ ಮರಳಿದಳು. ತಾರೀಖುಗಳಿಲ್ಲದ ಆ ಹಾಳೆಯನ್ನು ಟೈಪ್ ಮಾಡಿದ್ದು ನಾನೇ.