ಗಡ್ಡದ ಮಂತ್ರಿಯ ಹೆಸರಿನಲ್ಲಿ ಅರ್ಚನೆ

ಎಪ್ಪತ್ತರ ದಶಕದ ಶುರುವಿನಲ್ಲಿ ನಮ್ಮ ಹಳ್ಳಿಯವರಿಗೆ ಬೆಂಗಳೂರಿನ ಮಂತ್ರಿಗಳ ಹೆಸರೇ ನೆಟ್ಟಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆಫ್ರಿಕಾದ ದಕ್ಷಿಣದ ಕಡೆಯ ಒಂದು ಪುಟ್ಟ ದೇಶದ ಮಂತ್ರಿಮಂಡಲ ಬಾಯಿಪಾಠ. ಯಾವ ಖಾತೆ ಯಾರಿಗೆ ಹೋಯಿತು, ಯಾರನ್ನು ಕೈಬಿಟ್ಟರು, ಯಾರು ಮುನಿಸಿಕೊಂಡು ಮನೆಯಲ್ಲಿ ಕೂತಿದ್ದಾರೆ, ಎಲ್ಲ ನನಗೂ ನನ್ನ ಅತ್ತೆಗೂ ಗೊತ್ತು. ನಗಬೇಡಿ. ನನ್ನ ಗಂಡ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮದುವೆಯಾದ ವರ್ಷವೇ ಹೋದವರು. ನಾನು ಹೋಗಿ ಅವರನ್ನು ಸೇರಬೇಕಾದರೆ ಅಲ್ಲಿನ ಗೃಹಮಂತ್ರಿಯ ಕಚೇರಿ ಪರವಾನಗಿ ಕೊಡಬೇಕಿತ್ತು. ಆ ಗೃಹಮಂತ್ರಿಯೋ, ಒಂದು ಕಡೆ ನಿಂತ ಜೀವವಲ್ಲ.

ಅದು ಮೂರು ಪಕ್ಷಗಳು ಸೇರಿ ಕಟ್ಟಿಕೊಂಡ ಸರ್ಕಾರ. ಅತ್ತೆಗೆ ಇದನ್ನು ತಿಳಿಸಲು ನಾನು ಬಾಯಿ ನೋಯಿಸಿಕೊಳ್ಳಬೇಕಾಗಲಿಲ್ಲ. ‘ಮೂರು ಜನ ವಾರಗಿತ್ತೀರು ಒಂದೇ ಮನೇಲವ್ರೆ ಅನ್ನು. ಒಲೆ ಒಬ್ಳಿಗೆ, ಕಣಜ ಒಬ್ಳಿಗೆ, ದನ ಒಬ್ಳಿಗೆ. ಕಿರೀಳು ಮುನಿಸ್ಕಂಡ್ರೆ ಎಲ್ಲಾ ಅದಲುಬದಲು’ ಎಂದು ಅವರೇ ನನಗೆ ಪಾಠ ಹೇಳಿದರು. ನಿಜವಾಗಿಯೂ ಹಾಗೇ ಇತ್ತು. ಮೂರನೆಯ ಪಕ್ಷದ ಕೈಯಲ್ಲಿದ್ದ ಸೀಟು ಬೆರಳೆಣಿಕೆಯಷ್ಟು, ಆದರೆ ಅವರು ಎದ್ದು ಹೋದರೆ ಸರ್ಕಾರ ಬೀಳುತ್ತದೆ. ಅದಕ್ಕೇ ಅವರು ಕೆಮ್ಮಿದಾಗಲೆಲ್ಲ ಸಂಪುಟ ಪುನಾರಚನೆ.

ನಮ್ಮವರು ಒಮ್ಮೆ ಅಲ್ಲಿನ ಪತ್ರಿಕೆಯಲ್ಲಿ ಬಂದ ಮಂತ್ರಿಮಂಡಲದ ಫೋಟೊ ಕತ್ತರಿಸಿ ಕಳಿಸಿದ್ದರು. ಅದರಲ್ಲಿ ನಮಗೆ ಬೇಕಾದವರು ಇಬ್ಬರೇ. ಕನ್ನಡಕ ಹಾಕಿದವನು ಆಗ ಗೃಹಮಂತ್ರಿ, ದೊಡ್ಡ ಪಕ್ಷದವನು. ಪರದೇಶದ ಮೇಷ್ಟ್ರುಗಳು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಿ ಎನ್ನುವ ಪುಣ್ಯಾತ್ಮ. ಗಡ್ಡ ಬಿಟ್ಟವನು ಆ ಮೂರನೆಯ ಪಕ್ಷದ ಮುಖಂಡ, ಬೇಸಾಯದ ಮಂತ್ರಿ. ಪರದೇಶದವರನ್ನೆಲ್ಲ ಗಡಿ ದಾಟಿಸಬೇಕು ಎಂದು ಸಭೆ ಸಭೆಯಲ್ಲೂ ಕೂಗುವವನು. ಅದೇ ಖಂಡದ ಇನ್ನೊಂದು ದೇಶದಿಂದ ನಮ್ಮ ಜನರನ್ನು ಉಟ್ಟ ಬಟ್ಟೆಯಲ್ಲಿ ಹೊರಗೆ ಹಾಕಿದ ಸುದ್ದಿ ಆಗಲೇ ಕೇಳಿದ್ದೆವು. ಹಾಗಾಗಿ ಗಡ್ಡದವನ ಮುಖ ಕಾಣದಂತೆ ಮಡಿಸಿಯೇ ನಾನು ಆ ಫೋಟೊ ಎತ್ತಿಡುತ್ತಿದ್ದೆ.

ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರ ರೇಡಿಯೊದಲ್ಲಿ ವಿದೇಶದ ಇಂಗ್ಲಿಷ್ ವಾರ್ತೆ ಬರುತ್ತಿತ್ತು. ಅವರು ಜಗುಲಿಯಿಂದ ‘ಏನಮ್ಮಾ, ನಿನ್ನ ಮಂತ್ರಿ ಖಾತೆ ಬದಲಾಯ್ತಂತೆ’ ಎಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಹೊಸಬ ಬಂದರೆ ಹಳೇ ಅರ್ಜಿಗಳೆಲ್ಲ ಮತ್ತೆ ಮೊದಲಿನಿಂದ. ಒಂದು ಸಲ ಕನ್ನಡಕದವನನ್ನು ರಸ್ತೆ ಖಾತೆಗೆ ದಬ್ಬಿದರು, ನಾನು ಕಟ್ಟಿಟ್ಟ ಟ್ರಂಕು ಬಿಚ್ಚಿ ಖಾರದಪುಡಿಯನ್ನು ಬಿಸಿಲಿಗೆ ಹಾಕಿದೆ. ಮತ್ತೆ ಅವನನ್ನೇ ತಂದು ಕೂರಿಸಿದರು, ಮತ್ತೆ ಕಟ್ಟಿದೆ. ಯಾವನೋ ಮಂತ್ರಿ ಎಲ್ಲೋ ಮುನಿಸಿಕೊಳ್ಳುವುದು, ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಅಂಗಳದಲ್ಲಿ ಖಾರದಪುಡಿ ಒಣಗುವುದು. ಎಂಥ ಕರ್ಮ!

ಅತ್ತೆ ಮಾತ್ರ ಸೋಮವಾರ ತಪ್ಪಿಸದೆ ಬೆಟ್ಟದಪುರದ ಬೆಟ್ಟ ಹತ್ತುತ್ತಿದ್ದರು. ಅಲ್ಲಿನ ಮಲ್ಲಿಕಾರ್ಜುನನಿಗೆ ಮಂತ್ರಿಯ ಹೆಸರಿನಲ್ಲಿ ಅರ್ಚನೆ. ಮೊದಲ ದಿನ ನಾನೂ ಹೋಗಿದ್ದೆ. ಅರ್ಚಕರು ‘ಗೋತ್ರ? ನಕ್ಷತ್ರ?’ ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಫ್ರಿಕಾದವನಿಗೆ ಯಾವ ಗೋತ್ರ? ಅವರೇ ‘ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ’ ಎಂದು ದಾರಿ ತೋರಿಸಿದರು. ಹೆಸರಿನ ಮೊದಲ ಅಕ್ಷರ ಹಿಡಿದು ನಕ್ಷತ್ರವನ್ನೂ ಹುಡುಕಿಕೊಟ್ಟರು. ಕನ್ನಡಕದ ಮಂತ್ರಿ ನಮ್ಮ ಬೆಟ್ಟದ ಮೇಲೆ ಕಾಶ್ಯಪ ಗೋತ್ರದವನಾದ. ಇಳಿಯುವಾಗ ಮೆಟ್ಟಿಲ ಮೇಲೆ ಕೂತು ಇಬ್ಬರೂ ಬಿದ್ದೂ ಬಿದ್ದೂ ನಕ್ಕಿದ್ದೆವು.

ಮಾರನೆಯ ವರ್ಷ ಮಳೆ ಶುರುವಾದಾಗ ಅತ್ತೆಗೆ ಮಂಡಿ ಊದಿಕೊಂಡಿತು. ‘ಒಂದು ವಾರ ಬುಟ್ರೆ ಏನೂ ಆಗಕಿಲ್ಲ, ನೀ ಓಗ್ಬ್ಯಾಡ’ ಎಂದು ಗಟ್ಟಿಯಾಗಿ ಹಿಡಿದರು. ನನಗೆ ಅನುಮಾನ ಬರಲಿಲ್ಲ, ಭಯ ಬಂತು. ಪರವಾನಗಿ ಇನ್ನೇನು ಬರುತ್ತದೆ ಎಂದು ನಮ್ಮವರು ಬರೆದಿದ್ದರು, ಈಗ ಅರ್ಚನೆ ತಪ್ಪಿಸುವುದುಂಟೇ? ಹಣ್ಣುಕಾಯಿ ಹಿಡಿದು ನಾನೇ ಹತ್ತಿದೆ. ಅರ್ಚಕರು ನನ್ನನ್ನು ಕೇಳಲೇ ಇಲ್ಲ, ಅವರಿಗೆ ರೂಢಿಯಾಗಿತ್ತು. ಕಾಶ್ಯಪ ಗೋತ್ರ ಎಂದರು, ನಕ್ಷತ್ರ ಹೇಳಿದರು, ಆಮೇಲೆ ಹೆಸರು ಹೇಳಿದರು. ಗಡ್ಡದವನ ಹೆಸರು.

‘ತಪ್ಪಾಯ್ತು ಸ್ವಾಮಿ, ಅದಲ್ಲ’ ಎಂದೆ. ‘ಇಲ್ವಲ್ಲಮ್ಮಾ, ನಿಮ್ಮತ್ತೆ ವರ್ಷದಿಂದ ಇದೇ ಹೆಸರಲ್ಲಿ ಮಾಡಿಸ್ತಿರೋದು. ಇವನಿಗೆ ದೊಡ್ಡ ಅಧಿಕಾರ ಬರಲಿ ಅಂತ ಹರಕೆ ಬೇರೆ ಇದೆ’ ಎಂದರು.

ಬೆಟ್ಟ ಹೇಗೆ ಇಳಿದೆನೋ ನೆನಪಿಲ್ಲ. ಅತ್ತೆ ಮಂಡಿಗೆ ಹರಳೆಣ್ಣೆ ತಿಕ್ಕುತ್ತ ಕೂತಿದ್ದರು. ನನ್ನ ಮುಖ ನೋಡಿದ್ದೇ ಕೈ ನಿಂತಿತು.

‘ಏನತ್ತೆ ಇದು? ನನ್ನ ಗಂಡನ್ನ ಓಡಿಸ್ತೀನಿ ಅನ್ನೋ ಆ ಹಾಳಾದೋನಿಗೆ ಪೂಜೆ ಮಾಡಿಸ್ತಿದ್ದೀರಾ?’ ನಾನು ಅಷ್ಟು ದೊಡ್ಡ ದನಿ ಆ ಮನೆಯಲ್ಲಿ ಎಂದೂ ತೆಗೆದಿರಲಿಲ್ಲ.

‘ಊಂ ಕಣಮ್ಮಿ. ಓಡ್ಸಲಿ ಅಂತಾನೇ ಮಾಡುಸ್ತಿದ್ದೆ’ ಎಂದರು ಅತ್ತೆ, ತಲೆ ಎತ್ತದೆ. ‘ನಿಂಗೆ ಅವ್ನ ತಾವ ಓಗದು ಬೇಕು. ನಂಗೆ ಅವ್ನು ಬರದು ಬೇಕು. ಆ ಕನ್ನಡಕದೋನು ಗಟ್ಟಿಯಾಗಿ ಕುಂತ್ಕಂಡ್ರೆ ನನ್ ಮಗ ಅಲ್ಲೇ ಬೇರು ಬುಡ್ತನೆ. ಈ ಗಡ್ಡದೋನು ಒಬ್ನೇ ಅವ್ನ ಮನೆಗೆ ಕಳ್ಸೋನು.’

ಒಂದು ಮಂತ್ರಿಮಂಡಲವನ್ನು ಆ ಹೆಬ್ಬೆಟ್ಟಿನ ಹೆಂಗಸು ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಳು. ಸಿಟ್ಟಿಗೆ ಮೈಯೆಲ್ಲ ಉರಿಯಿತು. ಆವತ್ತಿನಿಂದ ಇಬ್ಬರೂ ಒಂದೇ ಒಲೆಯ ಮುಂದೆ ಮಾತಿಲ್ಲದೆ ಅಡುಗೆ ಮಾಡಿದೆವು.

ಆ ಮೌನ ಮುರಿದದ್ದು ರೇಡಿಯೊ. ಒಂದು ಬೆಳಿಗ್ಗೆ ಪಕ್ಕದ ಮನೆಯ ಮೇಷ್ಟ್ರು ಜಗುಲಿಯಿಂದ ಕೂಗಲಿಲ್ಲ, ನಮ್ಮ ಬಾಗಿಲಿಗೇ ಬಂದರು. ಮೂರನೆಯ ಪಕ್ಷ ಬೆಂಬಲ ವಾಪಸ್ಸು ಪಡೆಯುತ್ತೇನೆಂದು ಹೆದರಿಸಿ ಕೇಳಿದ್ದನ್ನು ಕಿತ್ತುಕೊಂಡಿತ್ತು. ಕನ್ನಡಕದವನು ಸಂಪುಟದಿಂದಲೇ ಹೊರಗೆ. ಗಡ್ಡದವನು ಗೃಹಮಂತ್ರಿ. ನಾನು ಅತ್ತೆಯ ಕಡೆ ನೋಡಿದೆ. ಗೆದ್ದವರ ಮುಖ ಅದಾಗಿರಲಿಲ್ಲ. ತುಟಿ ಬಿಳುಚಿಕೊಂಡು ‘ಈಗ ಕಳುಸ್ತಾನಾ ಸ್ವಾಮಿ?’ ಎಂದು ಮೇಷ್ಟ್ರನ್ನು ಕೇಳಿದರು.

‘ಕಳಿಸೋದೇನು, ಹಿಡೀತಿದ್ದಾರಂತೆ ತಾಯೀ’ ಎಂದರು ಮೇಷ್ಟ್ರು. ‘ಪರದೇಶದವರನ್ನ ಪೊಲೀಸ್ ಲಾರಿಯಲ್ಲಿ ತುಂಬಿ ಎಲ್ಲೆಲ್ಲೋ ಕೂಡಿಹಾಕ್ತಿದ್ದಾರಂತೆ.’

ಅತ್ತೆ ಅಲ್ಲೇ ಹೊಸಲಿನ ಮೇಲೆ ಕುಸಿದರು. ‘ಓಡ್ಸು ಅಂತ ಕೇಳ್ಕಂಡೆ ಕಣವ್ವಾ. ಕೂಡಾಕು ಅಂತ ನಾ ಕೇಳಲಿಲ್ಲ’ ಎಂದು ನನ್ನ ಸೀರೆಯ ಸೆರಗು ಹಿಡಿದುಕೊಂಡರು.

ಆಮೇಲೆ ದಿನ ಎಣಿಸುವುದೇ ಕೆಲಸವಾಯಿತು. ಕಾಗದ ನಿಂತುಹೋಯಿತು. ಅಂಚೆಯವನು ನಮ್ಮ ಮನೆ ಬಂದಾಗ ತಲೆ ತಗ್ಗಿಸಿ ಸೈಕಲ್ ಜೋರಾಗಿ ತುಳಿಯುತ್ತಿದ್ದ. ಅವನು ನಿಂತರೆ ತಂತಿ ತಂದಿದ್ದಾನೇನೋ ಎಂದು ಹೆದರಿಕೆ, ನಿಲ್ಲದಿದ್ದರೆ ಸುದ್ದಿಯೇ ಇಲ್ಲವಲ್ಲ ಎಂದು ಹೆದರಿಕೆ. ಒಂದು ದಿನ ತಂಬಾಕು ಕಂಪನಿಯ ಜೀಪು ದಾರಿ ಕೇಳಲು ನಮ್ಮ ಮನೆ ಮುಂದೆ ನಿಂತಿತು. ಸರ್ಕಾರದವರು ಕೆಟ್ಟ ಸುದ್ದಿ ತಂದರೆಂದು ಅತ್ತೆ ಹಿತ್ತಲಿಗೆ ಓಡಿ ಹುಲ್ಲಿನ ಮೆದೆಯ ಹಿಂದೆ ಅವಿತುಕೊಂಡರು. ಹೋಗಿ ಎಬ್ಬಿಸಿದರೆ ‘ಓಗ್ಬುಟ್ರಾ ಅವ್ರು?’ ಎಂದು ಕೇಳಿದರು. ಅವರನ್ನು ಬೈಯಬೇಕೆಂದು ಬಾಯಿಯವರೆಗೆ ಬಂದದ್ದೆಲ್ಲ ಅಲ್ಲೇ ಉಳಿಯಿತು. ಭಯದಲ್ಲಿ ನನಗೆ ಜೊತೆಯಾಗಿ ಇದ್ದವರು ಅವರೊಬ್ಬರೇ, ಏನು ಮಾಡಲಿ? ಇಬ್ಬರೂ ಒಂದೇ ಚಾಪೆಯಲ್ಲಿ ಮಲಗತೊಡಗಿದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಪಿರಿಯಾಪಟ್ಟಣದ ಬಸ್ಸಿನಿಂದ ಯಾರೋ ಇಳಿದು ನಡೆದು ಬಂದರು. ಕೈಯಲ್ಲಿ ಏನೂ ಇಲ್ಲ. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಬಾಗಿಲಿಗೆ ಬಂದು ‘ಅವ್ವಾ’ ಎಂದ ಮೇಲೇ ನನಗೆ ಗುರುತು ಸಿಕ್ಕಿದ್ದು. ಅತ್ತೆ ಮಗನ ಮುಖ, ಭುಜ, ಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದರು.

ಗಡಿ ದಾಟಿಸಿ ಓಡಿಸಿದರು ಎಂದದ್ದು ಬಿಟ್ಟರೆ ಅಲ್ಲಿ ಏನಾಯಿತೆಂದು ನಮ್ಮವರು ಹೇಳಲಿಲ್ಲ. ಒಂದೇ ಒಂದು ಸಲ, ಊಟಕ್ಕೆ ಕೂತಿದ್ದವರು ತುತ್ತು ಹಿಡಿದು ಹೇಳಿದರು: ಕೂಡಿಹಾಕಿದ್ದ ಕಟ್ಟಡದ ಗೋಡೆಯ ಮೇಲೆ ಗಡ್ಡದವನ ಫೋಟೊ ಇತ್ತಂತೆ. ಬೆಳಿಗ್ಗೆ ಅದರ ಮುಂದೆ ಮಂಡಿಯೂರಿ ಕೈ ಮುಗಿಯಬೇಕಂತೆ. ಇವರ ಜೊತೆಗಿದ್ದ ಇನ್ನೊಬ್ಬ ಮೇಷ್ಟ್ರು ಮುಗಿಯಲಿಲ್ಲವಂತೆ. ಆ ಮೇಷ್ಟ್ರು ಈಗ ಎಲ್ಲಿ ಎಂದು ನಾನು ಕೇಳಿದೆ. ಅವರು ತುತ್ತನ್ನು ತಟ್ಟೆಗೆ ಹಾಕಿ ಕೈ ತೊಳೆದರು.

ಆ ಸೋಮವಾರ ಅತ್ತೆ ಮತ್ತೆ ಹಣ್ಣುಕಾಯಿ ಜೋಡಿಸಿದರು. ಯಾರ ಹೆಸರಿನದು ಎಂದು ಪಿಸುಗುಟ್ಟಿದೆ.

‘ಆ ಗಡ್ಡದೋನ್ದೇ ಕಣವ್ವಾ. ಹರಕೆ ತೀರುಸ್ಬೇಕಲ್ಲ.’

‘ನಿಮಗೇನು ತಲೆ ಕೆಟ್ಟಿದೆಯಾ ಅತ್ತೆ? ಮೊನ್ನೆ ಅವರು ಹೇಳಿದ್ದು ಕೇಳಲಿಲ್ಲವಾ?’

‘ಕೇಳ್ದೆ. ಅದ್ಕೇ ಭಯ. ಕೇಳಿದ್ದು ಕೊಟ್ಬುಟ್ಟವ್ನೆ ಆ ಸಿವ. ತೀರುಸ್ದೆ ಓದ್ರೆ ಮತ್ತೆ ಕಿತ್ಕೊಂಡ್ರೆ ಏನ್ ಮಾಡದು?’

ಹಣ್ಣುಕಾಯಿಯ ಬುಟ್ಟಿಯನ್ನು ನಾನು ಎತ್ತಿಕೊಂಡೆ. ಅತ್ತೆಯ ಮಂಡಿ ಕೈಕೊಟ್ಟಲ್ಲೆಲ್ಲ ಅವರ ತೋಳು ಹಿಡಿದು ನಾನೇ ಬೆಟ್ಟ ಹತ್ತಿಸಿದೆ. ಅರ್ಚಕರು ಕಾಶ್ಯಪ ಗೋತ್ರ ಎಂದರು, ನಕ್ಷತ್ರ ಹೇಳಿದರು, ಆ ಹೆಸರನ್ನೂ ಹೇಳಿದರು. ಆಯುಷ್ಯ, ಆರೋಗ್ಯ, ಐಶ್ವರ್ಯ ಎಲ್ಲ ಅವನಿಗೆ ಬೇಡಿದರು. ನಾವಿಬ್ಬರೂ ಕೈ ಮುಗಿದು ನಿಂತಿದ್ದೆವು.

ಮನೆಗೆ ಬಂದಾಗ ನಮ್ಮವರು ಜಗುಲಿಯ ಕಂಬಕ್ಕೆ ಒರಗಿದ್ದರು. ಅತ್ತೆ ವಿಭೂತಿಯ ಪೊಟ್ಟಣ ಬಿಚ್ಚಿದರು.

‘ಯಾರ ಹೆಸರಲ್ಲಿ ಮಾಡಿಸಿದೆ ಅವ್ವಾ?’ ಎಂದು ಅವರು ಸುಮ್ಮನೆ ಕೇಳಿದರು.

ಅತ್ತೆ ನನ್ನ ಕಡೆ ನೋಡಿದರು. ‘ನಿಮ್ಮ ಹೆಸರಲ್ಲೇ’ ಎಂದೆ ನಾನು.

ಅವರು ಕಣ್ಣು ಮುಚ್ಚಿ ಹಣೆ ಒಡ್ಡಿದರು. ಅತ್ತೆ ನನ್ನ ಮುಖವನ್ನೇ ನೋಡುತ್ತ ಹಚ್ಚಿದ ವಿಭೂತಿ ಹಣೆಗೆ ಸರಿಯಾಗಿ ಹತ್ತಲೇ ಇಲ್ಲ, ಅವರ ರೆಪ್ಪೆಯ ಮೇಲೆಲ್ಲ ಉದುರಿತು.