ತಪ್ಪು ಉತ್ತರದ ತವರುಮನೆ

ಬೆಳಗಿನ ಮೊದಲ ಬಸ್ಸು ಶಾಲೆಯ ಗೇಟಿನ ಮುಂದೆ ಮಕ್ಕಳನ್ನು ಇಳಿಸಿ ಹೋಗುವ ಹೊತ್ತಿಗೆ ತರಗತಿಗಳ ಬೀಗವನ್ನು ಇನ್ನೂ ಯಾರೂ ತೆಗೆದಿರುವುದಿಲ್ಲ. ಬೀದಿದೀಪಗಳು ಆಗಷ್ಟೇ ಆರುತ್ತಿರುತ್ತವೆ. ನಿದ್ದೆಗಣ್ಣಿನ ಹತ್ತನೇ ತರಗತಿಯವರು ಬ್ಯಾಗು ಹೊತ್ತು, ಆಕಳಿಸುತ್ತ, ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತಿ ತಾರಸಿಗೆ ಬರುತ್ತಾರೆ. ಅಲ್ಲಿ ನೀರಿನ ಟ್ಯಾಂಕಿನ ಪಕ್ಕದಲ್ಲಿ ಸಣ್ಣ ಮೈಕಟ್ಟಿನ, ದಪ್ಪ ಕನ್ನಡಕದ ಒಬ್ಬ ಹೆಂಗಸು ಆಗಲೇ ಬಂದು ಕಾಯುತ್ತಿದ್ದಾರೆ.

"ಎಲ್ಲರೂ ತಲೆ ತಗ್ಗಿಸಿ, ಕಾಲ್ಬೆರಳು ನೋಡ್ಕೊಳ್ಳಿ," ಎನ್ನುತ್ತಾರೆ. "ಈಗ ಹೇಳಿ, ಪೂರ್ವ ಯಾವ ಕಡೆ? ಕೈ ಮಾಡಿ ತೋರಿಸಿ."

ಇಪ್ಪತ್ತೊಂಬತ್ತು ಕೈಗಳು ದಿಕ್ಕಾಪಾಲಾಗಿ ಏಳುತ್ತವೆ. ಒಂದು ಕೈ ಗೇಟಿನ ಕಡೆ, ಒಂದು ಟ್ಯಾಂಕಿನ ಕಡೆ, ಇನ್ನೊಂದು ನೇರ ಮೇಲಕ್ಕೆ. ಉದ್ದನೆಯ ಹುಡುಗನೊಬ್ಬ ತನ್ನ ಬಲಗಡೆಗೆ ಕೈ ಚಾಚಿದ್ದಾನೆ. ಹಿಂದಕ್ಕೆ ತಿರುಗು ಎಂದರೆ ತಿರುಗುತ್ತಾನೆ, ಕೈ ಈಗಲೂ ಬಲಗಡೆಗೇ ಚಾಚಿಕೊಳ್ಳುತ್ತದೆ.

"ಪೂರ್ವ ನಿನ್ನ ಜೊತೆಗೇ ತಿರುಗುತ್ತೇನೋ?"

"ಹೌದು ಮೇಡಂ. ನಕ್ಷೆಯಲ್ಲಿ ಪೂರ್ವ ಯಾವಾಗಲೂ ಬಲಗಡೆ ಇರುತ್ತೆ. ಫೋನಲ್ಲಿ ದಾರಿ ನೋಡುವಾಗ ನಾವು ತಿರುಗಿದರೆ ನಕ್ಷೆನೂ ತಿರುಗುತ್ತೆ."

ಅವನ ಬೆನ್ನ ಹಿಂದೆ ಆಕಾಶ ಕೆಂಪಾಗಿ ಸೂರ್ಯ ಇಣುಕುತ್ತಿದ್ದಾನೆ. ಯಾರೂ ನಗುವುದಿಲ್ಲ, ಏಕೆಂದರೆ ಇಲ್ಲಿ ನಗುವಂತಿಲ್ಲ. ಮೇಡಂ ಮಾತ್ರ ನಿಧಿ ಸಿಕ್ಕವರಂತೆ ಕಣ್ಣರಳಿಸಿ, "ಅಲ್ವಾ? ಎರಡು ನಿಜ ಸೇರ್ಕೊಂಡು ಒಂದು ತಪ್ಪು ಹೆತ್ತಿವೆ ನೋಡಿ," ಎನ್ನುತ್ತಾರೆ. ಆಮೇಲೆ ಅವರ ಕಣ್ಣು ಟ್ಯಾಂಕಿನ ನೆರಳಿನಲ್ಲಿ ನಿಂತ ಒಬ್ಬ ಹುಡುಗಿಯ ಮೇಲೆ ನಿಲ್ಲುತ್ತದೆ. ಅವಳ ಎರಡು ಕೈಗಳೂ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿವೆ.

"ನಿನಗೇನನ್ನಿಸುತ್ತಮ್ಮ?"

"ಗೊತ್ತಿಲ್ಲ ಮೇಡಂ."

ಈ ಎರಡು ಪದ ಬಿಟ್ಟರೆ ಕೆಲವು ತಿಂಗಳಿಂದ ಅವಳು ಬೇರೇನನ್ನೂ ಹೇಳಿಲ್ಲ.

ಮಕ್ಕಳ ಬಾಯಲ್ಲಿ ಇವರು ‘ಖಾಲಿ ಮೇಡಂ’. ಯಾವ ಶಿಕ್ಷಕರು ರಜೆ ಹಾಕುತ್ತಾರೋ ಅವರ ಖಾಲಿ ಪೀರಿಯಡ್ಡಿಗೆ ಹೋಗಿ ಮಕ್ಕಳನ್ನು ಸುಮ್ಮನಿರಿಸುವುದು ಇವರ ಕೆಲಸ. ಮೊದಲು ಹೊಲಿಗೆ ಕಲಿಸುತ್ತಿದ್ದರು. ಹೊಲಿಗೆ ಪೀರಿಯಡ್ಡು ವೇಳಾಪಟ್ಟಿಯಿಂದ ಬಿದ್ದುಹೋದಾಗ ಯಂತ್ರಗಳು ಉಗ್ರಾಣ ಸೇರಿದವು, ಮೇಡಂ ಮಾತ್ರ ಉಳಿದುಕೊಂಡರು. ಶಾಲೆಯವರು ಪ್ರತಿವರ್ಷ ಇವರ ನೇಮಕಾತಿಯನ್ನು ಮುಂದುವರಿಸುತ್ತಾರೆ, ಪ್ರತಿವರ್ಷವೂ ಇದೇ ಕೊನೆ ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಇವರದೆಂದು ಒಂದು ಕುರ್ಚಿ ಕೂಡ ಇಲ್ಲ.

"ಯಾರಿಗೆ ಜ್ವರ ಬಂದಿರುತ್ತೋ ಅವತ್ತು ಅವರ ಕುರ್ಚಿ ನಂದು," ಎಂದು ನಗುತ್ತಾರೆ. "ಎಲ್ಲರೂ ಆರೋಗ್ಯವಾಗಿದ್ರೆ ನಾನು ನಿಂತ್ಕೊಂಡೇ ಇರ್ತೀನಿ. ಅದಕ್ಕೇ ಯಾರಿಗೂ ಕಾಯಿಲೆ ಬರಲಿ ಅಂತ ಬಯಸದೇ ಇರೋದು ನನ್ನ ದೊಡ್ಡಗುಣ."

ಮೊದಲ ಬಸ್ಸಿನ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ ಹೀಗೆಯೇ, ಬೇರೆ ಯಾರಿಗೂ ಬೇಡವಾಗಿ ಇವರ ತಲೆಗೆ ಬಂದಿದ್ದು. ಎರಡನೇ ಬಸ್ಸು ಬರಲು ಮುಕ್ಕಾಲು ಗಂಟೆ ಇದೆ. ಮಕ್ಕಳನ್ನು ಅಂಗಳದಲ್ಲಿ ಬಿಟ್ಟರೆ ಬೀದಿಗೆ ಹೋಗುತ್ತಾರೆ, ಕಾರಿಡಾರಿನಲ್ಲಿ ಕೂರಿಸಿದರೆ ಫೋನಿಗೆ ಮುಖ ಕೊಟ್ಟು ಕೂರುತ್ತಾರೆ. ಮೇಡಂ ತಾರಸಿಯ ಬೀಗದ ಕೈ ಕೇಳಿ ಪಡೆದರು. ಪಾಠ ಮಾಡಲು ಇವರಿಗೊಂದು ವಿಷಯವಿಲ್ಲವಲ್ಲ, ಹಾಗಾಗಿ ಯಾರ ವಿಷಯಕ್ಕೂ ಸೇರದ ಪ್ರಶ್ನೆಗಳನ್ನು ಕೇಳತೊಡಗಿದರು.

ಈಗಿನ ಹದಿಹರೆಯದವರ ಸಾಮಾನ್ಯ ಜ್ಞಾನದ ಬಗ್ಗೆ ಸ್ಟಾಫ್ ರೂಮಿನಲ್ಲಿ ಕೇಳಿ ನೋಡಬೇಕು, ಒಬ್ಬೊಬ್ಬರದೂ ಒಂದೊಂದು ಕಥೆ. ವಿಜ್ಞಾನದ ಟೀಚರ್ ಹಣೆ ಚಚ್ಚಿಕೊಳ್ಳುತ್ತಾರೆ: "ನಲ್ಲಿ ನೀರು ಎಲ್ಲಿಂದ ಬರುತ್ತೆ ಅಂದ್ರೆ ಟ್ಯಾಂಕಿಂದ ಅಂತಾರೆ. ಟ್ಯಾಂಕಿಗೆ? ಮೋಟರಿಂದ. ಮೋಟರಿಗೆ? ಸ್ವಿಚ್ಚಿಂದ. ಅಲ್ಲಿಗೆ ಮುಗೀತು." ಚರಿತ್ರೆಯ ಮೇಷ್ಟ್ರ ದುಃಖ ಬೇರೆ. "ಐವತ್ತು ವರ್ಷದ ಹಿಂದಿನದೂ ಐನೂರು ವರ್ಷದ ಹಿಂದಿನದೂ ಅವರಿಗೆ ಒಂದೇ. ಎರಡಕ್ಕೂ ಹಿಂದಿನ ಕಾಲ ಅಂತ ಹೆಸರು. ನಮ್ಮಪ್ಪನೂ ರಾಜರೂ ಒಟ್ಟಿಗೇ ಓಡಾಡಿಕೊಂಡಿದ್ರು ಅಂದ್ಕೊಂಡಿದ್ದಾರೆ."

ಈ ಮೇಷ್ಟ್ರು ಮಾತಿನಲ್ಲಿ ಬಲು ಜಾಣರು. ಮಧ್ಯಾಹ್ನದ ಚಹಾದ ಹೊತ್ತಿಗೆ ಮಕ್ಕಳ ತಪ್ಪು ಉತ್ತರಗಳನ್ನು ರಾಗವಾಗಿ ಓದಿ ಹೇಳುತ್ತಾರೆ, ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಅವರು ಕೆಟ್ಟವರೇನಲ್ಲ. ದಿನವಿಡೀ ಗಂಟಲು ಹರಿದುಕೊಳ್ಳುವವರಿಗೆ ಒಂದಿಷ್ಟು ನಗು ಬೇಕೇ ಬೇಕು. ಖಾಲಿ ಮೇಡಂ ಕೂಡ ಯಾರದೋ ಕುರ್ಚಿಯಲ್ಲಿ ಕೂತು ಎಷ್ಟೋ ಸಲ ನಕ್ಕಿದ್ದಾರೆ.

ಆದರೆ ಒಂದು ದಿನ ಮೇಷ್ಟ್ರು ಓದಿದ್ದು ಇದು: ‘ನದಿ ಸಮುದ್ರದಲ್ಲಿ ಹುಟ್ಟಿ ಊರಿನ ಕಡೆಗೆ ಹರಿಯುತ್ತದೆ.’ ಓದಿ, "ನಾಳೆ ಮಳೆನೂ ನೆಲದಿಂದ ಮೇಲಕ್ಕೆ ಬೀಳುತ್ತೆ, ಛತ್ರಿ ತಲೆಕೆಳಗಾಗಿ ಹಿಡ್ಕೊಳ್ಳಿ," ಎಂದರು. ನಗು ಕಿಟಕಿ ದಾಟಿ ಹೊರಗೆ ಹೋಯಿತು. ಕಿಟಕಿಯ ಆಚೆ, ಸೀಮೆಸುಣ್ಣ ಕೇಳಲು ಬಂದಿದ್ದ ಹುಡುಗಿ ನಿಂತಿದ್ದಳು. ಉತ್ತರ ಅವಳದೇ. ಸೀಮೆಸುಣ್ಣ ಕೇಳದೆ ಹಾಗೇ ಹಿಂದಿರುಗಿದಳು. ಅವಳನ್ನು ನೋಡಿದ್ದು ಖಾಲಿ ಮೇಡಂ ಒಬ್ಬರೇ.

ಅಂದಿನಿಂದ ಅವಳ ಬಾಯಿಗೆ ಬೀಗ. ಯಾರು ಏನು ಕೇಳಿದರೂ "ಗೊತ್ತಿಲ್ಲ".

"ಗೊತ್ತಿಲ್ಲ ಅನ್ನೋದು ತಪ್ಪಲ್ಲ, ನಾನೂ ದಿನಕ್ಕೆ ಹತ್ತು ಸಲ ಅಂತೀನಿ," ಎನ್ನುತ್ತಾರೆ ಮೇಡಂ. "ಆದ್ರೆ ಕೆಲವರು ಅಂದಾಗ ಬಾಗಿಲು ತೆರೆದ ಹಾಗಿರುತ್ತೆ. ಇವಳು ಅಂದ್ರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಪರೀಕ್ಷೆ ಹತ್ತಿರ ಬಂತು. ಈ ಹುಡುಗಿ ಹೀಗೇ ಬಾಯಿ ಮುಚ್ಕೊಂಡು ಶಾಲೆ ಬಿಟ್ಟು ಹೋದ್ರೆ ಮುಂದೆ ಜೀವಮಾನವಿಡೀ ಯಾರನ್ನೂ ಏನೂ ಕೇಳಲ್ಲ."

ತಾರಸಿಯ ನಿಯಮಗಳು ಹುಟ್ಟಿದ್ದು ಆಮೇಲೆ. ಮೊದಲು ತಲೆ ತಗ್ಗಿಸಿ ಉತ್ತರ ಹೇಳಬೇಕು, ನಂತರ ತಲೆ ಎತ್ತಿ ನೋಡಬೇಕು. ಫೋನನ್ನು ಕೇಳುವಂತಿಲ್ಲ, ಮನುಷ್ಯರನ್ನು ಕೇಳಬಹುದು. ತಪ್ಪು ಹೇಳಿದವರನ್ನು ಕಂಡು ನಗುವಂತಿಲ್ಲ, ಬದಲಿಗೆ ‘ಯಾಕೆ ಹಾಗನ್ನಿಸ್ತು?’ ಎಂದು ಕೇಳಬೇಕು. ಇದು ಹೊಲಿಗೆಯಿಂದ ಬಂದ ಬುದ್ಧಿ ಎನ್ನುತ್ತಾರೆ ಅವರು.

"ಹೊಲಿಗೆ ಸುಕ್ಕು ಬಂದ್ರೆ ಮೇಲಿಂದ ಎಷ್ಟು ನೋಡಿದ್ರೂ ಗೊತ್ತಾಗಲ್ಲ. ಬಟ್ಟೆ ತಿರುವಿ ಒಳಮೈ ನೋಡ್ಬೇಕು, ದಾರ ಎಲ್ಲಿ ಜಗ್ಗಿದೆ ಅಂತ. ತಪ್ಪು ಉತ್ತರಕ್ಕೂ ಒಂದು ತವರುಮನೆ ಇರುತ್ತೆ. ಅಲ್ಲಿಗೊಂದು ಸಲ ಹೋಗಿ ಬಂದ್ರೆ ಅದರ ಮೇಲೆ ಸಿಟ್ಟೇ ಬರಲ್ಲ."

ಈ ಹುಚ್ಚು ಮನೆಗೂ ಹಬ್ಬಿದೆ. ಅಡುಗೆಮನೆಯಲ್ಲಿ ಅತ್ತೆ, "ಇವತ್ತೇನು ಕೇಳಿದೆಯೇ ಮಕ್ಕಳನ್ನ?" ಎಂದು ಕಿವಿ ನಿಮಿರಿಸಿ ಕೂರುತ್ತಾರೆ. ಪಂಪು ರಿಪೇರಿ ಮಾಡುವ ಗಂಡ ಮಾತ್ರ, "ನಿನ್ನ ಪ್ರಶ್ನೆಗಳನ್ನ ಶಾಲೆಯಲ್ಲೇ ಬಿಟ್ಟು ಬಾ ಮಾರಾಯ್ತಿ, ನಂಗೆ ನಿದ್ದೆ ಬರಲ್ಲ," ಎಂದು ಗೊಣಗುತ್ತಾರೆ. ಗೊಣಗುತ್ತಲೇ ಉತ್ತರ ಹೇಳುತ್ತಾರೆ, ಅದೂ ಬಹುಪಾಲು ತಪ್ಪು.

ಅದೊಂದು ಗುರುವಾರ. ಬೆಳಗಿನ ಆಕಾಶ ತಿಳಿಯಾಗಿದೆ. ಚರಿತ್ರೆಯ ಮೇಷ್ಟ್ರು ವಿಶೇಷ ತರಗತಿಗೆಂದು ಬೇಗ ಬಂದಿದ್ದಾರೆ. ತಾರಸಿಯಲ್ಲಿ ನಡೆಯುವುದೇನೆಂದು ನೋಡಲು ಚಹಾದ ಲೋಟ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾರೆ. ಅವರನ್ನು ಕಂಡದ್ದೇ ಹುಡುಗಿ ಟ್ಯಾಂಕಿನ ಹಿಂದಕ್ಕೆ ಸರಿಯುತ್ತಾಳೆ. ಅದು ಮೇಡಂ ಕಣ್ಣಿಗೆ ಬೀಳುತ್ತದೆ.

"ಬನ್ನಿ ಸರ್. ಇಲ್ಲಿಗೆ ಬಂದವರು ಆಟ ಆಡಲೇಬೇಕು. ತಲೆ ತಗ್ಗಿಸಿ."

ಮೇಷ್ಟ್ರು ನಗುತ್ತ ಲೋಟದೊಳಗೆ ನೋಡುತ್ತ ನಿಲ್ಲುತ್ತಾರೆ.

"ಈಗ ಆಕಾಶದಲ್ಲಿ ಚಂದ್ರ ಇದ್ದಾನಾ, ಇಲ್ವಾ?"

ಮಕ್ಕಳಲ್ಲಿ ಗುಸುಗುಸು. ಮೇಷ್ಟ್ರೇ ಮೊದಲು ಬಾಯಿ ತೆರೆಯುತ್ತಾರೆ. ಧ್ವನಿಯಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. "ಸೂರ್ಯ ಬಂದಾಯ್ತಲ್ಲ, ಇನ್ನೆಲ್ಲಿಯ ಚಂದ್ರ? ಅವನು ಬಂದರೆ ಇವನು ಹೋಗಬೇಕು, ಪಾಳಿ ಕೆಲಸ ಇದ್ದ ಹಾಗೆ."

"ಸರಿ. ಎಲ್ಲರೂ ತಲೆ ಎತ್ತಿ."

ಪಶ್ಚಿಮಕ್ಕೆ ವಾಲಿದಂತೆ, ಹುಣ್ಣಿಮೆ ಕಳೆದು ಒಂದು ಬದಿ ಸವೆದ ಚಂದ್ರ ಬೆಳ್ಳಗೆ ನಿಂತಿದ್ದಾನೆ. ಮೇಷ್ಟ್ರು ಚಂದ್ರನನ್ನು ನೋಡುತ್ತಾರೆ, ತಿರುಗಿ ಸೂರ್ಯನನ್ನು ನೋಡುತ್ತಾರೆ, ಮತ್ತೆ ಚಂದ್ರನನ್ನು ನೋಡುತ್ತಾರೆ. ಉದ್ದನೆಯ ಹುಡುಗನ ಕೆನ್ನೆ ನಗು ತಡೆದು ತಡೆದು ಊದಿಕೊಂಡಿದೆ. ಇನ್ನೇನು ಒಬ್ಬರು ಕಿಸಕ್ಕೆಂದರೆ ಸಾಕು, ತಾರಸಿಯೇ ಹಾರಿಹೋಗುವಂತಿದೆ. ಮೇಡಂ ಬಾಯಿ ತೆರೆಯುವಷ್ಟರಲ್ಲಿ ಟ್ಯಾಂಕಿನ ಹಿಂದಿನಿಂದ ಒಂದು ಧ್ವನಿ ಬರುತ್ತದೆ.

"ಯಾಕೆ ಹಾಗನ್ನಿಸ್ತು ಸರ್?"

ಹುಡುಗಿ ಹೊರಗೆ ಬಂದಿದ್ದಾಳೆ. ಕೈ ಇನ್ನೂ ಬ್ಯಾಗಿನ ಪಟ್ಟಿಯ ಮೇಲೇ ಇದೆ. ಕೇಳಿದ ರೀತಿಯಲ್ಲಿ ಕುಟುಕಿಲ್ಲ, ನಿಯಮದಂತೆ ಕೇಳಿದ್ದಾಳೆ ಅಷ್ಟೇ.

ಮೇಷ್ಟ್ರು ಲೋಟವನ್ನು ಕಟ್ಟೆಯ ಮೇಲಿಡುತ್ತಾರೆ. "ಚಿಕ್ಕವನಿದ್ದಾಗ ಏಳೋದಕ್ಕೆ ಹಟ ಮಾಡ್ತಿದ್ದೆ ಕಣಮ್ಮ. ನಮ್ಮಜ್ಜಿ ಬಂದು, ಚಂದಮಾಮ ಈಗ ಹೋಗಿ ಮಲಗಿದ, ಇನ್ನು ನೀನು ಏಳು ಅನ್ನೋರು. ಅವರು ಹೇಳಿದ್ದಲ್ಲವಾ, ನಂಬಿದೆ. ಆಮೇಲೆ ಬೆಳಿಗ್ಗೆ ಹೊತ್ತು ತಲೆ ಎತ್ತಿ ನೋಡೇ ಇಲ್ಲ ಅನ್ನಿಸುತ್ತೆ."

ನಗಲು ಯಾರಿಗೂ ಮನಸ್ಸಾಗುವುದಿಲ್ಲ. ಉದ್ದನೆಯ ಹುಡುಗನ ಕೆನ್ನೆ ಕೂಡ ತಾನಾಗಿ ಇಳಿದಿದೆ.

"ನಿಂಗೆ ಗೊತ್ತಿತ್ತಾ, ಚಂದ್ರ ಇದ್ದಾನೆ ಅಂತ?" ಮೇಷ್ಟ್ರು ಕೇಳುತ್ತಾರೆ.

"ಗೊತ್ತಿತ್ತು ಸರ್. ಅಪ್ಪ ದಿನಾ ಚಂದ್ರನ್ನ ನೋಡಿ ಉಬ್ಬರದ ನೀರು ಯಾವಾಗ ಬರುತ್ತೆ ಅಂತ ಹೇಳ್ತಾರೆ. ದೋಣಿ ಬಿಡೋರಲ್ವಾ." ಮೇಷ್ಟ್ರ ಕಡೆ ಒಂದು ಹೆಜ್ಜೆ ಇಟ್ಟು ಮುಂದುವರಿಸುತ್ತಾಳೆ. "ನದಿ ಬಗ್ಗೆ ಬರೆದಿದ್ದು ನಾನೇ ಸರ್."

ಯಾವ ನದಿ ಎಂದು ನೆನಪಾಗಲು ಮೇಷ್ಟ್ರಿಗೆ ತುಸು ಹೊತ್ತು ಬೇಕಾಗುತ್ತದೆ. ನೆನಪಾದಾಗ ಮುಖದ ಬಣ್ಣ ಬದಲಾಗುತ್ತದೆ. ಮೊದಲ ಸಲ ಅವರು ಆ ಪ್ರಶ್ನೆ ಕೇಳುತ್ತಾರೆ: "ಯಾಕಮ್ಮ ಹಾಗೆ ಬರೆದೆ?"

ಹುಡುಗಿ ತಾರಸಿಯ ಕಟ್ಟೆಯ ಬಳಿ ಹೋಗಿ ಕೈ ಚಾಚುತ್ತಾಳೆ. ಮನೆಗಳ ಮಾಡಿನ ಆಚೆ ನದಿಯ ಒಂದು ತುಂಡು ಹೊಳೆಯುತ್ತಿದೆ, ಅದರಾಚೆ ಸಮುದ್ರ.

"ಅಲ್ಲಿ ಕಟ್ಟಿರೋ ದೋಣಿ ನೋಡಿ ಸರ್, ಎಲ್ಲದರ ಮೂತಿ ಸಮುದ್ರದ ಕಡೆ ಇದೆ. ನೀರು ಬರೋ ಕಡೆ ಮೂತಿ ತಿರುಗಿಸಿಕೊಂಡು ನಿಲ್ಲುತ್ತವೆ. ಈಗ ಉಬ್ಬರ, ಸಮುದ್ರದ ನೀರು ಒಳಗೆ ಬರ್ತಿದೆ. ನಮ್ಮನೆ ಹಿತ್ತಲಲ್ಲಿ ನಿಂತ್ರೆ ನದಿ ಊರ ಕಡೆ ಹರಿಯೋದು ಕಾಣುತ್ತೆ. ನಾನು ಏಳೋ ಹೊತ್ತಿಗೆ ಎಷ್ಟೋ ದಿನ ಹಾಗೇ ಹರೀತಿರುತ್ತೆ. ಅದಕ್ಕೇ ಹಾಗೆ ಬರೆದೆ."

ಮೂವತ್ತು ಮಕ್ಕಳು, ಇಬ್ಬರು ಶಿಕ್ಷಕರು ಕಟ್ಟೆಗೆ ಒರಗಿ ದೋಣಿಗಳನ್ನು ನೋಡುತ್ತಾರೆ. ಎರಡನೇ ಬಸ್ಸು ಬಂದು ಹಾರ್ನ್ ಹಾಕಿದರೂ ಯಾರೂ ಕದಲುವುದಿಲ್ಲ. ಮೇಡಂ ಈ ಊರಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿದೆ, ನದಿಯನ್ನು ದಿನವೂ ದಾಟುತ್ತಾರೆ. ದೋಣಿಗಳಿಗೆ ಮೂತಿ ಎಂಬುದೊಂದಿದೆ, ಅದು ದಿನಕ್ಕೆ ಹಲವು ಸಲ ತಿರುಗುತ್ತದೆ ಎಂದು ಅವರಿಗೂ ತಿಳಿದಿರಲಿಲ್ಲ.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಹುಡುಗಿಯ ಪಕ್ಕದಲ್ಲೇ ನಡೆಯುತ್ತಾರೆ. "ಅವತ್ತು ನಾನು ನಕ್ಕಿದ್ದು ಕೇಳಿಸ್ತೇನಮ್ಮ?" "ಕೇಳಿಸ್ತು ಸರ್." "ತಪ್ಪಾಯ್ತು ಮಗಾ." ಚಹಾದ ಲೋಟ ತಾರಸಿಯ ಕಟ್ಟೆಯ ಮೇಲೇ ಉಳಿಯುತ್ತದೆ.

ಹಾಗೆಂದು ಮಧ್ಯಾಹ್ನದ ಓದು ನಿಂತಿದೆ ಎಂದು ಯಾರೂ ತಿಳಿಯಬಾರದು. ಅದೇ ದಿನ ಮೇಷ್ಟ್ರು ಮತ್ತೊಂದು ಉತ್ತರ ಓದಿದರು, ಸ್ಟಾಫ್ ರೂಮು ನಕ್ಕಿತು. ಅಷ್ಟು ಸುಲಭವಾಗಿ ಬಿಟ್ಟುಹೋಗುವ ಚಟವಲ್ಲ ಅದು. ಆದರೆ ನಕ್ಕಾದ ಮೇಲೆ ಮೇಷ್ಟ್ರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಬರೆದವನನ್ನು ಹುಡುಕಿಕೊಂಡು ಕಾರಿಡಾರಿಗೆ ಹೋದರು.

ಮುಂದಿನ ವರ್ಷ ಈ ಕೆಲಸ ಇರುತ್ತದೋ ಇಲ್ಲವೋ ಮೇಡಂಗೆ ತಿಳಿಯದು. ಏನು ಬೇಕು ನಿಮಗೆ ಎಂದು ಕೇಳಿದರೆ ಕುರ್ಚಿಯನ್ನೂ ಕೇಳುವುದಿಲ್ಲ.

"ನಗಲಿ, ಬೇಡ ಅನ್ನಲ್ಲ. ನಗೋದಕ್ಕೆ ಮುಂಚೆ ಒಂದ್ಸಲ ಯಾಕೆ ಅಂತ ಕೇಳಲಿ. ಕೇಳಿದ ಮೇಲೂ ನಗು ಬಂದ್ರೆ ನನ್ನನ್ನೂ ಕರೀಲಿ, ನಾನೂ ಬಂದು ನಗ್ತೀನಿ."

ಶುಕ್ರವಾರ ಬೆಳಿಗ್ಗೆ ಅವರು ಕೇಳಿದ ಪ್ರಶ್ನೆ, ಬೀದಿದೀಪಗಳು ತಾವಾಗಿ ಹೇಗೆ ಆರುತ್ತವೆ ಎಂಬುದು. ಎಲ್ಲರಿಗಿಂತ ಮೊದಲು ಎದ್ದ ಕೈ ಆ ಹುಡುಗಿಯದು. ಮೊದಲ ಬಸ್ಸು ಬಂದ ಸದ್ದಿಗೆ ದೀಪಗಳು ಆರುತ್ತವೆ ಎಂದಳು ಅವಳು, ತಾನು ದಿನವೂ ಬಸ್ಸಿಳಿಯುವಾಗ ಅವು ಆರುವುದನ್ನು ನೋಡಿದ್ದಾಳೆ.

"ತಪ್ಪು. ಪೂರ್ತಿ ತಪ್ಪು," ಎಂದು ಆಮೇಲೆ ನಮಗೆ ಹೇಳುವಾಗ ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ಆದ್ರೆ ಎಷ್ಟು ಜೋರಾಗಿ ಹೇಳಿದಳು ಗೊತ್ತಾ? ಗೇಟಿನವರೆಗೂ ಕೇಳಿಸಿರಬೇಕು."